ಊರು ಬಿಡಿಸಿದಾಗ ಮಾತಿಗೇನಾಗುತ್ತದೆ? ಸ್ಥಳಾಂತರ ಮತ್ತು ಮೂಲನಿವಾಸಿ ಭಾಷೆಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮೂಲನಿವಾಸಿಗಳ ಭಾಷೆಗಳ ವಿಷಯ ಬಂದಾಗಲೆಲ್ಲ, ಎದುರಾಎದುರು ಮಾತಿನಲ್ಲಾಗಲಿ ಪತ್ರದಲ್ಲಾಗಲಿ, ಸುತ್ತಿ ಬಳಸಿ ಕೆಲವೇ ಪ್ರಶ್ನೆಗಳು ಮರಳಿ ಬರುತ್ತವೆ. ಅವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಕೆಲವು ತುಸು ಒರಟಾಗಿವೆ, ತಿದ್ದಲು ಹೋಗಿಲ್ಲ. ಸರಳವಾದವು ಮೊದಲು, ತೊಡಕಿನವು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

### ಮೊದಲ ಪ್ರಶ್ನೆಗಳು

ಬಲವಂತದ ಸ್ಥಳಾಂತರ ಎಂದರೆ ಯುದ್ಧದಿಂದ ಓಡಿಬಂದ ನಿರಾಶ್ರಿತರು ತಾನೆ?

ಅವರೂ ಹೌದು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಯುದ್ಧ, ಹಿಂಸೆ, ಕಿರುಕುಳಗಳಿಂದ ನೆಲೆ ಕಳೆದುಕೊಂಡವರು ಜಗತ್ತಿನಲ್ಲಿ 12 ಕೋಟಿಗೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಡಿಯನ್ನೇ ದಾಟಿಲ್ಲ, ತಮ್ಮ ದೇಶದೊಳಗೇ ಊರು ಬಿಟ್ಟವರು.

ಆದರೆ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿದ ಎಷ್ಟೋ ಘಟನೆಗಳು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಅಣೆಕಟ್ಟಿನ ಹಿನ್ನೀರು, ಗಣಿ, ರಾಷ್ಟ್ರೀಯ ಉದ್ಯಾನ, ಸೇನಾ ನೆಲೆ, ಬಾಂಬ್ ಪರೀಕ್ಷೆ, ಎಲ್ಲವೂ ಈ ಕೆಲಸ ಮಾಡಿವೆ. 1946ರಲ್ಲಿ ಅಣುಬಾಂಬ್ ಪರೀಕ್ಷೆಗಾಗಿ ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪಗಳಿಂದ 167 ಜನರನ್ನು ಸಾಗಿಸಿತು, ಸ್ವಲ್ಪ ಕಾಲದ ಮಟ್ಟಿಗೆ ಎಂದು ಹೇಳಿ. 1953ರಲ್ಲಿ ಮತ್ತು 1955ರಲ್ಲಿ ಕೆನಡಾ ಸರ್ಕಾರ ಆರ್ಕ್ಟಿಕ್ ಮೂಲನಿವಾಸಿಗಳಾದ ಕೆಲವು ಇನ್ಯುಯಿಟ್ ಕುಟುಂಬಗಳನ್ನು ಇನ್ಯುಕ್ಜುವಾಕ್ ಎಂಬ ಊರಿನಿಂದ ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ ಕಳುಹಿಸಿತು. ಕಡತದಲ್ಲಿ ಅವರೆಲ್ಲ ಇಷ್ಟಪಟ್ಟು ಹೋದವರು. 2010ರಲ್ಲಿ ಅದೇ ಸರ್ಕಾರ ಕ್ಷಮೆ ಕೇಳಿತು. ಕಡತದಲ್ಲಿ ‘ಸ್ವಇಚ್ಛೆ’ ಎಂದು ಕಂಡಲ್ಲಿ ನಾನು ಮೊದಲು ಹುಡುಕುವುದು ಒಂದನ್ನೇ: ಒಲ್ಲೆ ಎನ್ನುವ ದಾರಿ ಅವರಿಗೆ ಇತ್ತೇ?

ಎಷ್ಟು ಜನ ಮಾತನಾಡಿದರೆ ಒಂದು ಭಾಷೆ ಸುರಕ್ಷಿತ? ಒಂದು ಸಂಖ್ಯೆ ಹೇಳಿ.

ಹಾಗೆ ಹೇಳಲು ಬರುವುದಿಲ್ಲ. 2003ರಲ್ಲಿ ಯುನೆಸ್ಕೊ ಕರೆಸಿದ ತಜ್ಞರ ಗುಂಪು ಭಾಷೆಯ ಜೀವಂತಿಕೆಯನ್ನು ಅಳೆಯಲು ಒಂಬತ್ತು ಅಂಶಗಳನ್ನು ಪಟ್ಟಿ ಮಾಡಿತು. ಅದರ ತಲೆಯಲ್ಲಿರುವುದು ಹಿರಿಯರಿಂದ ಮಕ್ಕಳಿಗೆ ಭಾಷೆ ದಾಟುತ್ತಿದೆಯೇ ಎಂಬ ಪ್ರಶ್ನೆ. ಐನೂರು ಜನರ ಭಾಷೆಯಾದರೂ ಮಕ್ಕಳು ಅದರಲ್ಲೇ ಜಗಳವಾಡುತ್ತಿದ್ದರೆ ಅದು ಗಟ್ಟಿಯಾಗಿದೆ. ಲಕ್ಷ ಜನರಿದ್ದೂ ಅವರೆಲ್ಲ ಐವತ್ತು ದಾಟಿದವರಾದರೆ ಗಡಿಯಾರ ಓಡತೊಡಗಿದೆ ಎಂದೇ ಲೆಕ್ಕ. ಜಗತ್ತಿನ ಸುಮಾರು 7,000 ಭಾಷೆಗಳಲ್ಲಿ 2,500ರಷ್ಟನ್ನು ಯುನೆಸ್ಕೊದ 2010ರ ಅಟ್ಲಾಸ್ ಒಂದಲ್ಲ ಒಂದು ಮಟ್ಟದ ಅಪಾಯದ ಪಟ್ಟಿಗೆ ಸೇರಿಸಿತ್ತು.

ಜನ ಹೋದಲ್ಲಿಗೆ ಭಾಷೆಯೂ ಹೋಗುತ್ತದಲ್ಲ? ಜಾಗ ಬದಲಾದ ಮಾತ್ರಕ್ಕೆ ಭಾಷೆಗೆ ಏನು ತೊಂದರೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಜಾಗ ಬದಲಾದ ಮಾತ್ರಕ್ಕೆ ಭಾಷೆ ಸಾಯುವುದಿಲ್ಲ. ದೂರವೂ ಕೊಲ್ಲುವುದಿಲ್ಲ. ಕೊಲ್ಲುವುದು ಚದುರಿಕೆ. ಬೆಳಗಿನಿಂದ ರಾತ್ರಿಯವರೆಗೆ ಯಾರು ಯಾರೊಡನೆ ಮಾತನಾಡುತ್ತಿದ್ದರೋ ಆ ಬಳಗ ಒಡೆದರೆ, ಹತ್ತು ಮೈಲಿ ಆಚೆ ಹೋಗಿ ಕುಳಿತರೂ ಭಾಷೆ ಉಳಿಯುವುದು ಕಷ್ಟ.

ರಷ್ಯಾದ ಈಶಾನ್ಯ ತುದಿಯ ಚುಕೋಟ್ಕಾದಲ್ಲಿ, ಬೇರಿಂಗ್ ಜಲಸಂಧಿಯ ದಡದ ಕಡಿದಾದ ಇಳಿಜಾರಿನಲ್ಲಿ, ನೌಕಾನ್ ಎಂಬ ಹಳ್ಳಿ ಇತ್ತು. ವಾಲ್ರಸ್ ಮತ್ತು ತಿಮಿಂಗಿಲ ಬೇಟೆಯಿಂದ ಬದುಕುತ್ತಿದ್ದ ಯೂಪಿಕ್ ಜನರ ಊರು ಅದು. ಅವರ ಮಾತು ಸುತ್ತಲಿನ ಇತರ ಯೂಪಿಕ್ ನುಡಿಗಳಿಗಿಂತ ಬೇರೆ. 1958ರಲ್ಲಿ ಸೋವಿಯತ್ ಆಡಳಿತ ಈ ಹಳ್ಳಿಯನ್ನು ಮುಚ್ಚಿತು. ಸಣ್ಣ ಸಣ್ಣ ಊರುಗಳನ್ನು ದೊಡ್ಡ ಊರುಗಳಲ್ಲಿ ವಿಲೀನಗೊಳಿಸುವ ನೀತಿಯ ಕಾಲ ಅದು. ಹೆಚ್ಚಿನವರನ್ನು ಅದೇ ಕರಾವಳಿಯ ನುನ್ಯಾಮೊ ಎಂಬ ಚುಕ್ಚಿ ಜನರ ಊರಿಗೆ ಕಳುಹಿಸಿದರು, ಉಳಿದವರು ಬೇರೆ ಬೇರೆ ಊರುಗಳಿಗೆ ಹಂಚಿಹೋದರು. 1977ರಲ್ಲಿ ನುನ್ಯಾಮೊವನ್ನೂ ಮುಚ್ಚಿದರು. ಅದೇ ಜನ ಮತ್ತೊಮ್ಮೆ ಗಂಟುಮೂಟೆ ಕಟ್ಟಬೇಕಾಯಿತು.

ದೇಶ ಬಿಟ್ಟಿರಲಿಲ್ಲ, ಸಮುದ್ರ ಬದಲಾಗಿರಲಿಲ್ಲ. ಬದಲಾದದ್ದು ನೆರೆಮನೆ. ಹೊಸ ಊರಿನಲ್ಲಿ ಅವರು ಅಲ್ಪಸಂಖ್ಯಾತರು. ಪಕ್ಕದವರೊಡನೆ ಆಡಬೇಕಾದ ಮಾತು ರಷ್ಯನ್, ಕಚೇರಿಯ ಮಾತು ರಷ್ಯನ್, ಮಕ್ಕಳು ವಸತಿ ಶಾಲೆಯಲ್ಲಿ ಕಲಿತದ್ದೂ ರಷ್ಯನ್. ಬೇಟೆಯ ತಂಡಗಳು ಒಡೆದು, ದೋಣಿಯಲ್ಲಿ ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವ ಹುಡುಗರು ಇಲ್ಲವಾದರು. ಇಂದು ನೌಕಾನ್ ಯೂಪಿಕ್ ಬಲ್ಲವರು ಬೆರಳೆಣಿಕೆಯ ಹಿರಿಯರು.

ಊರು ಖಾಲಿಯಾದ ದಿನ ಎಲ್ಲರೂ ಆ ಭಾಷೆಯನ್ನು ಚೆನ್ನಾಗಿಯೇ ಮಾತನಾಡುತ್ತಿದ್ದರು. ಪೆಟ್ಟು ಕಂಡದ್ದು ಒಂದು ತಲೆಮಾರಿನ ನಂತರ. ಸ್ಥಳಾಂತರ ಮಾಡಿಸಿದ ಅಧಿಕಾರಿಯ ಕಾಲದ ವರದಿಯಲ್ಲಿ ಭಾಷೆಯ ನಷ್ಟ ಕಾಣಿಸದಿರುವುದು ಇದೇ ಕಾರಣಕ್ಕೆ.

ಜೀವ ಉಳಿಸಿಕೊಳ್ಳುವುದೇ ಕಷ್ಟವಾಗಿರುವಾಗ ಭಾಷೆಯ ಚಿಂತೆ ಮಾಡುವುದು ಹೊಟ್ಟೆ ತುಂಬಿದವರ ಮಾತಲ್ಲವೇ?

ಅನ್ನ, ನೀರು, ಸೂರು ಮೊದಲು. ಆದರೆ ಅವು ಸಿಗುವುದೂ ಮಾತಿನ ಮೂಲಕವೇ. ಅರ್ಜಿಯ ನಮೂನೆ ಅರ್ಥವಾಗದಿದ್ದರೆ ಪಡಿತರವಿಲ್ಲ, ನೋವು ಎಲ್ಲಿದೆ ಎಂದು ಹೇಳಲಾಗದಿದ್ದರೆ ಔಷಧವಿಲ್ಲ.

ಗ್ವಾಟೆಮಾಲಾದಿಂದ ಅಮೆರಿಕಕ್ಕೆ ಬರುವ ಮಾಯಾ ಜನರನ್ನು ನೋಡಿ. ಅಲ್ಲಿನ ವಲಸೆ ನ್ಯಾಯಾಲಯಗಳಲ್ಲಿ ಮಾಮ್, ಕಿಚೆಯಂಥ ಮಾಯಾ ಭಾಷೆಗಳಿಗೆ ದುಭಾಷಿಗಳ ಬೇಡಿಕೆ ಬಹಳ. ಗ್ವಾಟೆಮಾಲಾದವರು ಎಂದೊಡನೆ ಸ್ಪ್ಯಾನಿಷ್ ಬರುತ್ತದೆ ಎಂದುಕೊಂಡು ಸ್ಪ್ಯಾನಿಷ್ ದುಭಾಷಿಯನ್ನು ಕೂರಿಸುವುದು ನಡೆದೇ ಇದೆ. ಮಾಮ್ ಬಲ್ಲವರು ಸಿಕ್ಕರೂ ಅವರಿಗೆ ಇಂಗ್ಲಿಷ್ ಬಾರದಿದ್ದರೆ ಮಾತು ಎರಡು ಕೈ ದಾಟಬೇಕು: ಮಾಮ್‌ನಿಂದ ಸ್ಪ್ಯಾನಿಷ್‌ಗೆ ಒಬ್ಬರು, ಅಲ್ಲಿಂದ ಇಂಗ್ಲಿಷ್‌ಗೆ ಇನ್ನೊಬ್ಬರು. ಯಾರು ಬೆದರಿಸಿದರು, ಯಾವಾಗ, ಏಕೆ ಎಂಬ ಹೇಳಿಕೆಯ ಮೇಲೆ ಆಶ್ರಯ ಸಿಗುವುದೋ ಇಲ್ಲವೋ ನಿರ್ಧಾರವಾಗುತ್ತದೆ. ಅಲ್ಲಿ ಒಂದು ಕ್ರಿಯಾಪದ ಆಚೀಚೆಯಾದರೆ ‘ಹೇಳಿಕೆ ಬದಲಿಸಿದರು’ ಎಂಬ ಷರಾ ಬೀಳುತ್ತದೆ.

ಇನ್ನೊಂದು ವಿಷಯ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿ ಸಮುದಾಯಗಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಭಾಷೆಯಲ್ಲಿ ಮಾತನಾಡಬಲ್ಲ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ತೀರ ಕಡಿಮೆ ಎಂದು ತೋರಿಸಿತು. ಭಾಷೆಯೊಂದೇ ಕಾರಣ ಎಂದು ಇದರಿಂದ ಸಾಧಿಸಲು ಹೋಗಬಾರದು. ಭಾಷೆ ಉಳಿದ ಕಡೆ ಇನ್ನೂ ಹಲವು ಉಳಿದಿರುತ್ತವೆ. ಹೊಟ್ಟೆ ತುಂಬಿದವರ ಚಿಂತೆ ಎಂದು ತಳ್ಳಿಹಾಕುವುದಕ್ಕಂತೂ ಆಗದು.

### ಸ್ವಲ್ಪ ಒಳಗೆ ಹೋದರೆ

ತಂದೆ ತಾಯಿಯೇ ಮಕ್ಕಳಿಗೆ ಕಲಿಸದಿದ್ದರೆ ಹೊರಗಿನವರನ್ನು ದೂರಿ ಏನು ಪ್ರಯೋಜನ?

ಈ ಪ್ರಶ್ನೆ ಕೇಳುವವರಿಗೆ ಹೊಸ ಊರಿನಲ್ಲಿ ಕಾಲಿಟ್ಟ ಕುಟುಂಬದ ದಿನಚರಿ ಗೊತ್ತಿರುವುದಿಲ್ಲ. ಶಾಲೆಗೆ ಹೋಗುವ ಮಗು ಹೊಸ ಭಾಷೆಯನ್ನು ಬೇಗ ಹಿಡಿಯುತ್ತದೆ. ನೋಡನೋಡುತ್ತ ಹತ್ತು ವರ್ಷದ ಹುಡುಗಿ ಮನೆಯ ದುಭಾಷಿಯಾಗುತ್ತಾಳೆ: ಆಸ್ಪತ್ರೆಯಲ್ಲಿ ಅಮ್ಮನ ಕಾಯಿಲೆಯನ್ನು ವೈದ್ಯರಿಗೆ ಹೇಳುವವಳು ಅವಳು, ಬಾಡಿಗೆ ಬಾಕಿಯ ಬಗ್ಗೆ ಮಾಲೀಕನೊಡನೆ ಮಾತನಾಡುವವಳೂ ಅವಳೇ. ದೊಡ್ಡವರ ಮಾತಿಗೆ ಮನೆಯೊಳಗೇ ಬೆಲೆ ಕಡಿಮೆಯಾಗುವುದನ್ನು ಮಕ್ಕಳು ಬಲು ಬೇಗ ಗುರುತಿಸುತ್ತಾರೆ. ಅಜ್ಜಿ ತನ್ನ ಭಾಷೆಯಲ್ಲಿ ಕೇಳುತ್ತಾಳೆ, ಮೊಮ್ಮಗ ಹೊಸ ಭಾಷೆಯಲ್ಲಿ ಉತ್ತರಿಸುತ್ತಾನೆ. ಅವನಿಗೆ ಮಕ್ಕಳಾಗುವ ಹೊತ್ತಿಗೆ ಪ್ರಶ್ನೆ ಕೇಳುವವರೂ ಇರುವುದಿಲ್ಲ.

ಭಾಷೆಯೇ ಅಪಾಯವಾಗುವ ಸಂದರ್ಭಗಳೂ ಇವೆ. 1980ರ ದಶಕದಲ್ಲಿ ಗ್ವಾಟೆಮಾಲಾದ ಸೇನೆಯಿಂದ ತಪ್ಪಿಸಿಕೊಂಡು ಮೆಕ್ಸಿಕೋದ ಚಿಯಾಪಾಸ್‌ಗೆ ಬಂದ ಮಾಯಾ ಜನರಲ್ಲಿ ಎಷ್ಟೋ ಮಂದಿ ತಮ್ಮ ಉಡುಗೆಯನ್ನೂ ಮಾತನ್ನೂ ಮರೆಮಾಡಿದರು. ಗುರುತು ಸಿಕ್ಕರೆ ಹಿಂದಕ್ಕೆ ಅಟ್ಟುತ್ತಾರೆಂಬ ಭಯ. ಶಿಬಿರಗಳಲ್ಲಿ ಬೇರೆ ಬೇರೆ ಮಾಯಾ ಭಾಷೆಗಳವರು ಒಟ್ಟಿಗೆ ಇದ್ದುದರಿಂದ ಪರಸ್ಪರ ವ್ಯವಹಾರ ಸ್ಪ್ಯಾನಿಷ್‌ಗೆ ಹೊರಳಿತು. ಇಂಥ ಕಡೆ ತಾಯಿಯೊಬ್ಬಳು ಮಗನೊಡನೆ ಸ್ಪ್ಯಾನಿಷ್ ಆಡಿದ್ದನ್ನು ಆಯ್ಕೆ ಎನ್ನಲು ನನಗೆ ಬಾಯಿ ಬಾರದು.

ಮಕ್ಕಳನ್ನು ಮಾತ್ರ ಓದಿಸಲು ಕರೆದೊಯ್ದರೆ ಅದನ್ನೂ ಸ್ಥಳಾಂತರ ಎನ್ನುತ್ತೀರಾ?

ಹೌದು. ಭಾಷೆಯ ಮಟ್ಟಿಗೆ ಅದೇ ಅತ್ಯಂತ ಕರಾರುವಾಕ್ಕಾದ ಏಟು, ಏಕೆಂದರೆ ಅದು ಬೀಳುವುದು ನೇರವಾಗಿ ಹಿರಿಯರಿಗೂ ಮಕ್ಕಳಿಗೂ ನಡುವೆ. ಕೆನಡಾದ ವಸತಿ ಶಾಲೆಗಳ ಮೂಲಕ ಹಾದುಹೋದ ಮೂಲನಿವಾಸಿ ಮಕ್ಕಳು ಸುಮಾರು 1,50,000. ಅಲ್ಲಿ ಮನೆಮಾತು ಆಡಿದ್ದಕ್ಕೆ ಶಿಕ್ಷೆಯಾಗುತ್ತಿತ್ತು.

ಸಣ್ಣದಾದರೂ ಮನಸ್ಸಿನಿಂದ ಹೋಗದ ಪ್ರಸಂಗ ಗ್ರೀನ್‌ಲ್ಯಾಂಡಿನದು. 1951ರಲ್ಲಿ ಡೆನ್ಮಾರ್ಕ್ 22 ಮಕ್ಕಳನ್ನು ಅಲ್ಲಿಂದ ಕರೆದೊಯ್ದಿತು, ಡ್ಯಾನಿಷ್ ಕಲಿತು ಬಂದು ನಾಡಿಗೆ ಮಾದರಿಯಾಗಲಿ ಎಂಬ ಯೋಜನೆ. ಆರು ಮಕ್ಕಳು ಡ್ಯಾನಿಷ್ ಮನೆಗಳಿಗೆ ದತ್ತು ಹೋದರು. ಮರಳಿದ 16 ಮಕ್ಕಳನ್ನು ಅವರವರ ಮನೆಗೆ ಕಳುಹಿಸದೆ ಇಂದಿನ ನೂಕ್ ಪಟ್ಟಣದ ಅನಾಥಾಲಯದಲ್ಲಿ ಇರಿಸಿದರು. ತಂದೆ ತಾಯಿ ಬದುಕಿದ್ದವರನ್ನೂ ಸೇರಿಸಿ. ಅಷ್ಟರಲ್ಲಿ ಮಕ್ಕಳ ಬಾಯಲ್ಲಿ ಗ್ರೀನ್‌ಲ್ಯಾಂಡ್ ಭಾಷೆ ಅಳಿಸಿತ್ತು. ತಾಯಿ ಮಗು ಎದುರುಬದುರು ನಿಂತರೂ ಮಾತು ಸಾಗಲಿಲ್ಲ. ಡೆನ್ಮಾರ್ಕ್ ಪ್ರಧಾನಿ ಕ್ಷಮೆ ಕೇಳಿದ್ದು 2020ರ ಡಿಸೆಂಬರಿನಲ್ಲಿ. ಆಗ ಬದುಕಿದ್ದವರು ಆರೇ ಮಂದಿ.

‘ಕೊನೆಯ ಮಾತುಗಾರ ತೀರಿಕೊಂಡರು’ ಎಂದು ಸುದ್ದಿ ಬರುತ್ತದಲ್ಲ, ನಿಜವಾಗಿ ಹಾಗಾಗುತ್ತದೆಯೇ?

ಆಗುತ್ತದೆ. ಕಾಕಸಸ್‌ನ ಉಬಿಖ್ ಜನರನ್ನು 1864ರಲ್ಲಿ ರಷ್ಯಾದ ಸಾಮ್ರಾಜ್ಯ ಸೋಲಿಸಿದ ಮೇಲೆ ಅವರು ಕಪ್ಪು ಸಮುದ್ರ ದಾಟಿ ಒಟ್ಟೋಮನ್ ನಾಡು ಸೇರಿದರು. ಅಲ್ಲಿ ಅವರ ಮನೆಗಳಲ್ಲಿ ಬೇರೂರಿದ್ದು ಮೊದಲು ಸಂಬಂಧಿಕ ಸರ್ಕೇಶಿಯನ್ ಭಾಷೆ, ಆಮೇಲೆ ಟರ್ಕಿಷ್. ಸ್ವರಗಳು ಎರಡೋ ಮೂರೋ, ವ್ಯಂಜನಗಳು ಮಾತ್ರ 80ಕ್ಕೂ ಹೆಚ್ಚು ಇದ್ದ ಭಾಷೆ ಅದು. ಅದನ್ನು ನಿರರ್ಗಳವಾಗಿ ಬಲ್ಲ ಕೊನೆಯ ವ್ಯಕ್ತಿ ತೆವ್‌ಫಿಕ್ ಎಸೆಂಚ್, ಟರ್ಕಿಯಲ್ಲಿ 1992ರ ಅಕ್ಟೋಬರಿನಲ್ಲಿ ತೀರಿಕೊಂಡರು. ಫ್ರೆಂಚ್ ವಿದ್ವಾಂಸ ಜಾರ್ಜ್ ದ್ಯುಮೆಜಿಲ್ ಅವರೊಡನೆ ವರ್ಷಾನುಗಟ್ಟಲೆ ಕುಳಿತು ಕಥೆ, ವ್ಯಾಕರಣ, ಪದಗಳನ್ನು ಬರೆಸಿಕೊಟ್ಟದ್ದರಿಂದ ನಮಗೆ ಇಷ್ಟಾದರೂ ತಿಳಿದಿದೆ.

ಅಂಡಮಾನಿನಲ್ಲಿ ಬೋ ಭಾಷೆಯ ಬೋವಾ ಸೀನಿಯರ್ 2010ರ ಜನವರಿಯಲ್ಲಿ ನಿಧನರಾದರು. ಒಂದು ಕಾಲಕ್ಕೆ ಹತ್ತು ಗುಂಪುಗಳಾಗಿ ಹರಡಿಕೊಂಡಿದ್ದ ಗ್ರೇಟ್ ಅಂಡಮಾನೀ ಜನರಲ್ಲಿ ಅಳಿದುಳಿದವರನ್ನು ಸ್ಟ್ರೇಟ್ ದ್ವೀಪ ಎಂಬ ಪುಟ್ಟ ಜಾಗಕ್ಕೆ ತಂದು ಸೇರಿಸಲಾಗಿತ್ತು. ಒಂದೊಂದು ಗುಂಪಿನಿಂದ ಒಬ್ಬಿಬ್ಬರು ಉಳಿದ ಜಾಗದಲ್ಲಿ ಹಿಂದಿಯೇ ಎಲ್ಲರ ಮಾತಾಯಿತು. ತಮ್ಮ ಭಾಷೆಯಲ್ಲಿ ಉತ್ತರಿಸುವವರಿಲ್ಲದೆ ಬೋವಾ ಹಲವು ವರ್ಷ ಬದುಕಿದ್ದರು.

ಆದರೂ ‘ಕೊನೆಯವರು’ ಎಂಬ ತಲೆಬರಹವನ್ನು ತುಸು ಅನುಮಾನದಿಂದಲೇ ಓದಬೇಕು. ದಕ್ಷಿಣ ಆಫ್ರಿಕಾದ ಕಲಹರಿಯಲ್ಲಿ ನೂ ಎಂಬ ಭಾಷೆಯಿದೆ (ಹೆಸರಿನಲ್ಲಿ ನಾಲಿಗೆ ಚಿಟುಕಿಸುವ ಸದ್ದೊಂದು ಇದೆ, ನಮ್ಮ ಲಿಪಿಗೆ ಅದು ದಕ್ಕದು). 1931ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೆ ಈ ಜನ ನೆಲೆ ಕಳೆದುಕೊಂಡು, ಜಾನುವಾರು ಸಾಕುವವರ ಜಮೀನುಗಳಲ್ಲಿ ಕೂಲಿಗಳಾಗಿ ಚದುರಿದರು. ಭಾಷೆ ಸತ್ತಿತೆಂದು ವಿದ್ವಾಂಸರು ಬರೆದಿಟ್ಟರು. 1990ರ ದಶಕದಲ್ಲಿ ಎಲ್ಸಿ ವಾಲ್‌ಬೋಯಿ ಎಂಬ ಹಿರಿಯ ಮಹಿಳೆ ತನಗೆ ಆ ಭಾಷೆ ಬರುತ್ತದೆ ಎಂದು ಮುಂದೆ ಬಂದರು. ಹುಡುಕುತ್ತ ಹೋದಂತೆ ಇನ್ನೂ ಹಲವರು ಸಿಕ್ಕರು. ಪರಸ್ಪರ ಗೊತ್ತೇ ಇಲ್ಲದೆ, ಬೇರೆ ಬೇರೆ ಊರುಗಳಲ್ಲಿ, ಬಾಯಿ ಮುಚ್ಚಿಕೊಂಡು ಇದ್ದವರು ಅವರು.

ಎತ್ತಂಗಡಿಯಾದರೂ ಉಳಿದುಕೊಂಡ ಭಾಷೆ ಒಂದಾದರೂ ಇದೆಯೇ?

ಇದೆ. ನನಗೆ ಬಹಳ ಇಷ್ಟವಾದ ಉದಾಹರಣೆ ಗರಿಫುನ. ಕೆರಿಬಿಯನ್‌ನ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಸೋತ ಈ ಜನರನ್ನು ಮೊದಲು ಬಾಲಿಸೋ ಎಂಬ ಬರಡು ನಡುಗಡ್ಡೆಯಲ್ಲಿ ಕೂಡಿಹಾಕಿದರು. ಅಲ್ಲೇ ಅರ್ಧದಷ್ಟು ಮಂದಿ ಸತ್ತರು. ಉಳಿದ ಸುಮಾರು 2,000 ಜನರನ್ನು 1797ರಲ್ಲಿ ಹೊಂಡುರಾಸ್ ಕರಾವಳಿಯ ರೋಅಟಾನ್ ದ್ವೀಪದಲ್ಲಿ ಇಳಿಸಿ ಹಡಗುಗಳು ಹೊರಟುಹೋದವು. ಅಲ್ಲಿಂದ ಅವರು ಮುಖ್ಯಭೂಮಿಗೆ ದಾಟಿ ಕರಾವಳಿಯುದ್ದಕ್ಕೂ ತಮ್ಮವೇ ಊರುಗಳನ್ನು ಕಟ್ಟಿಕೊಂಡರು. ಹೊಂಡುರಾಸ್, ಬೆಲೀಜ್, ಗ್ವಾಟೆಮಾಲಾ, ನಿಕರಾಗುವಾಗಳಲ್ಲಿ ಆ ಊರುಗಳು ಇವತ್ತಿಗೂ ಇವೆ. ಗರಿಫುನ ಭಾಷೆ, ಕುಣಿತ, ಸಂಗೀತಗಳನ್ನು 2001ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಗಳಲ್ಲಿ ಸೇರಿಸಿತು.

ಸೇಂಟ್ ವಿನ್ಸೆಂಟ್‌ನಲ್ಲೇ ಉಳಿದುಕೊಂಡ ಗರಿಫುನ ಜನರೂ ಇದ್ದರು. ಭಾಷೆ ಅಳಿದುಹೋದದ್ದು ಅವರಲ್ಲಿ, ತಾಯ್ನೆಲದಲ್ಲೇ. ಗಡೀಪಾರಾದವರು ಒಟ್ಟಾಗಿ ಹೋದರು, ಒಟ್ಟಾಗಿ ನೆಲೆಸಿದರು, ತಮ್ಮ ಊರಿನಲ್ಲಿ ತಾವೇ ಬಹುಸಂಖ್ಯಾತರಾದರು. ತಾಯ್ನೆಲದಲ್ಲಿ ಉಳಿದವರಿಗೆ ಆ ಭಾಗ್ಯ ಇರಲಿಲ್ಲ.

ಚೆರೋಕೀ ಜನರದು ಇನ್ನೊಂದು ಬಗೆ. 1838–39ರಲ್ಲಿ ಅಮೆರಿಕದ ಸೇನೆ ಸುಮಾರು 16,000 ಮಂದಿಯನ್ನು ಆಗ್ನೇಯದ ಬೆಟ್ಟಗಳಿಂದ ಇಂದಿನ ಓಕ್ಲಹೋಮಾಕ್ಕೆ ಅಟ್ಟಿತು. ಸುಮಾರು 4,000 ಜನ ಸತ್ತರು. ಆದರೆ ಅವರಲ್ಲೇ ಒಬ್ಬರಾದ ಸೆಕ್ವೊಯಾ 1821ರಲ್ಲಿ ರೂಪಿಸಿ ಮುಗಿಸಿದ್ದ ಲಿಪಿ ಅವರ ಜೊತೆಗೆ ಬಂತು. ಹೊಸ ನೆಲದಲ್ಲಿ ಅವರದೇ ಸರ್ಕಾರ, ಅವರದೇ ಪತ್ರಿಕೆ. ಭಾಷೆ ಇನ್ನೂ ಕೆಲವು ತಲೆಮಾರು ಗಟ್ಟಿಯಾಗಿ ನಡೆಯಿತು. ಅದು ಕುಸಿದದ್ದು ಬುಡಕಟ್ಟಿನ ಆಡಳಿತವನ್ನು ಕಳಚಿಹಾಕಿ ಶಾಲೆಗಳನ್ನು ಕಿತ್ತುಕೊಂಡ ಮೇಲೆ. 2019ರಲ್ಲಿ ಚೆರೋಕೀ ಬುಡಕಟ್ಟುಗಳ ಮಂಡಳಿಗಳು ಭಾಷೆಯ ತುರ್ತು ಪರಿಸ್ಥಿತಿಯನ್ನೇ ಘೋಷಿಸಿದವು.

ಕಾಡು ಬಿಟ್ಟ ಮೇಲೆ ಗಿಡಮರಗಳ ಹೆಸರು ಮರೆತರೆ ಏನು ನಷ್ಟ? ಬಳಕೆಯೇ ಇಲ್ಲವಲ್ಲ.

ಬಳಕೆ ಇಲ್ಲದ್ದು ಮರೆಯುತ್ತದೆ, ನಿಜ. ಆದರೆ ಹೆಸರಿನ ಜೊತೆ ಹೋಗುವುದು ಆ ಗಿಡ ಎಲ್ಲಿ ಬೆಳೆಯುತ್ತದೆ, ಯಾವ ತಿಂಗಳು ಕೀಳಬೇಕು, ಯಾರು ಮುಟ್ಟಬಾರದು ಎಂಬ ತಿಳಿವಳಿಕೆ. ಅದೂ ಬೇಡವೆನ್ನುವವರಿಗೆ ಇನ್ನೊಂದು ಮಾತು: ಸ್ಥಳನಾಮಗಳು ಸಾಕ್ಷ್ಯವೂ ಹೌದು. 1999ರಲ್ಲಿ ಕಲಹರಿಯ ಕೊಮಾನಿ ಸಾನ್ ಜನ (ಮೇಲೆ ಹೇಳಿದ ನೂ ಭಾಷೆಯ ಬಳಗದವರು) ತಮ್ಮ ಭೂಮಿಯ ಹಕ್ಕಿನ ಮೊಕದ್ದಮೆಯಲ್ಲಿ ಸುಮಾರು 40,000 ಹೆಕ್ಟೇರ್ ಜಮೀನು ಪಡೆದರು. ಯಾವ ಮರಳುದಿಣ್ಣೆಯ ಬಳಿ ಯಾರು ಹುಟ್ಟಿದರು, ಯಾರನ್ನು ಎಲ್ಲಿ ಮಣ್ಣು ಮಾಡಿದರು ಎಂಬ ಹಿರಿಯರ ನೆನಪು ಇಂಥ ಹೋರಾಟಗಳ ಬೆನ್ನೆಲುಬು. ಅತ್ತ ಕಡೆ, ಜನರನ್ನು ಓಡಿಸಿದವರು ಮೊದಲು ಮಾಡುವ ಕೆಲಸಗಳಲ್ಲಿ ಊರುಗಳ ಹೆಸರು ಬದಲಿಸುವುದೂ ಒಂದು. 1944ರಲ್ಲಿ ಕ್ರಿಮಿಯಾದಿಂದ ತಾತಾರ್ ಜನರನ್ನು ಹೊರಹಾಕಿದ ನಂತರ ಅಲ್ಲಿನ ನೂರಾರು ಊರುಗಳ ತಾತಾರ್ ಹೆಸರು ಅಳಿಸಿ ರಷ್ಯನ್ ಹೆಸರಿಟ್ಟರು.

### ತೊಡಕಿನ ಪ್ರಶ್ನೆಗಳು

ಮರಳಿ ಊರಿಗೆ ಕಳುಹಿಸಿದರೆ ಭಾಷೆಯೂ ಮರಳುತ್ತದೆಯೇ?

ಎಷ್ಟು ಬೇಗ ಮರಳುತ್ತಾರೆ, ಯಾವುದಕ್ಕೆ ಮರಳುತ್ತಾರೆ ಎಂಬುದರ ಮೇಲೆ ಹೋಗುತ್ತದೆ. 1944ರ ಮೇ 18ರಿಂದ ಮೂರು ದಿನಗಳಲ್ಲಿ ಸೋವಿಯತ್ ಪಡೆಗಳು ಸುಮಾರು ಎರಡು ಲಕ್ಷ ಕ್ರಿಮಿಯನ್ ತಾತಾರರನ್ನು ರೈಲಿಗೆ ತುಂಬಿ ಹೆಚ್ಚಾಗಿ ಉಜ್ಬೇಕಿಸ್ತಾನಕ್ಕೆ ಸಾಗಿಸಿದವು. ದೊಡ್ಡ ಸಂಖ್ಯೆಯಲ್ಲಿ ಹಿಂದಿರುಗಲು ಸಾಧ್ಯವಾದದ್ದು 1980ರ ದಶಕದ ಕೊನೆಯಲ್ಲಿ. ನಡುವೆ ನಾಲ್ಕು ದಶಕ ಅವರ ಭಾಷೆಯಲ್ಲಿ ಶಾಲೆಯಿರಲಿಲ್ಲ. ಮರಳಿದ ಮಕ್ಕಳು ರಷ್ಯನ್ ಆಡುತ್ತ ಬಂದರು, ಬಂದಲ್ಲಿ ಅವರ ಮನೆಗಳಲ್ಲಿ ಬೇರೆಯವರಿದ್ದರು. ಯುನೆಸ್ಕೊ ಅಟ್ಲಾಸ್ ಈ ಭಾಷೆಯನ್ನು ತೀವ್ರ ಅಪಾಯದ ಪಟ್ಟಿಯಲ್ಲಿ ಇಟ್ಟಿದೆ.

ಮರಳುವ ಭಾಗ್ಯವೇ ಇಲ್ಲದವರೂ ಇದ್ದಾರೆ. ಅಮೆರಿಕದ ಅಲಾಸ್ಕಾಕ್ಕೆ ಸೇರಿದ ಅಲ್ಯೂಷಿಯನ್ ದ್ವೀಪಗಳ ತುತ್ತತುದಿಯ ಅಟ್ಟು ದ್ವೀಪವನ್ನು 1942ರಲ್ಲಿ ಜಪಾನ್ ಸೇನೆ ಹಿಡಿದು, ಅಲ್ಲಿನ ನಲವತ್ತು ಚಿಲ್ಲರೆ ನಿವಾಸಿಗಳನ್ನು ಹೊಕ್ಕೈಡೊದ ಒತಾರುಗೆ ಸೆರೆಯಾಳುಗಳಾಗಿ ಒಯ್ದಿತು. ಹೆಚ್ಚುಕಡಿಮೆ ಅರ್ಧದಷ್ಟು ಜನ ಅಲ್ಲೇ ಸತ್ತರು. ಯುದ್ಧ ಮುಗಿದ ಮೇಲೆ ಬದುಕುಳಿದವರನ್ನು ಅಮೆರಿಕದ ಸರ್ಕಾರವೇ ಅಟ್ಟುವಿಗೆ ಬಿಡಲಿಲ್ಲ, ಬಹುತೇಕರನ್ನು ಅಟ್ಕಾ ದ್ವೀಪದಲ್ಲಿ ಇಳಿಸಿತು. ಅಟ್ಟುವಿನ ಉಪಭಾಷೆ ಅಟ್ಕಾದ ಮಾತಿನೊಳಗೆ ಕರಗಿ ಇಲ್ಲವಾಯಿತು. ಶತ್ರು ಅರ್ಧ ಕೆಲಸ ಮಾಡಿದ್ದ, ಉಳಿದರ್ಧವನ್ನು ಸ್ವಂತ ಸರ್ಕಾರ ಮುಗಿಸಿತು.

ಇದನ್ನೆಲ್ಲ ತಡೆಯಲು ಅಂತರರಾಷ್ಟ್ರೀಯ ಕಾನೂನು ಇಲ್ಲವೇ?

ಇದೆ, ಕಾಗದದಲ್ಲಿ ಚೆನ್ನಾಗಿಯೇ ಇದೆ. ವಿಶ್ವಸಂಸ್ಥೆಯ 2007ರ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯ 10ನೇ ವಿಧಿ, ಪೂರ್ಣ ತಿಳಿವಳಿಕೆಯ ಮುಕ್ತ ಒಪ್ಪಿಗೆಯಿಲ್ಲದೆ ಯಾರನ್ನೂ ಅವರ ನೆಲದಿಂದ ಎಬ್ಬಿಸಬಾರದು ಎನ್ನುತ್ತದೆ. 13ನೇ ವಿಧಿ ಭಾಷೆಯನ್ನು, ಸ್ಥಳನಾಮಗಳನ್ನು ಉಳಿಸಿಕೊಳ್ಳುವ ಹಕ್ಕನ್ನೂ, ನ್ಯಾಯಾಲಯದಲ್ಲಿ ಬೇಕಾದರೆ ದುಭಾಷಿಯನ್ನೂ ಹೇಳುತ್ತದೆ. ಆಗ ವಿರುದ್ಧ ಮತ ಹಾಕಿದ ನಾಲ್ಕು ದೇಶಗಳು ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್, ಅಮೆರಿಕ. ನಾಲ್ಕೂ ಆಮೇಲೆ ಒಪ್ಪಿದವು. ಇದು ಘೋಷಣೆಯಷ್ಟೇ, ಒಪ್ಪಂದದ ಬಲ ಇದಕ್ಕಿಲ್ಲ. ದೇಶದೊಳಗೆ ನೆಲೆ ಕಳೆದುಕೊಂಡವರ ಬಗೆಗಿನ 1998ರ ಮಾರ್ಗದರ್ಶಿ ತತ್ವಗಳಲ್ಲಿ, ತಮಗೆ ಅರ್ಥವಾಗುವ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಇದೆ. ಅವೂ ಅಷ್ಟೇ.

ತೀರ್ಪು ಬಂದರೂ ಕಥೆ ಮುಗಿಯುವುದಿಲ್ಲ. ಕೀನ್ಯಾದ ಮೌ ಕಾಡಿನಿಂದ ಓಗಿಯೆಕ್ ಜನರನ್ನು ಒಕ್ಕಲೆಬ್ಬಿಸಿದ್ದು ತಪ್ಪೆಂದು ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯ 2017ರಲ್ಲಿ ಹೇಳಿತು, 2022ರಲ್ಲಿ ಪರಿಹಾರಕ್ಕೂ ಆದೇಶಿಸಿತು. 2023ರ ನವೆಂಬರಿನಲ್ಲಿ ಅದೇ ಕಾಡಿನಲ್ಲಿ ಮತ್ತೆ ಮನೆಗಳನ್ನು ಕೆಡವಿದರು.

ಆಶ್ರಯ ಕೇಳಿದವರ ಮಾತು ಕೇಳಿಯೇ ಅವರು ಯಾವ ದೇಶದವರೆಂದು ಪತ್ತೆ ಮಾಡುತ್ತಾರಂತೆ. ಅದು ನಂಬಲರ್ಹವೇ?

1990ರ ದಶಕದಿಂದ ಹಲವು ದೇಶಗಳು ಈ ಪರೀಕ್ಷೆ ನಡೆಸುತ್ತಿವೆ. ಮಾತು ಧ್ವನಿಮುದ್ರಿಸಿ, ಉಚ್ಚಾರಣೆ ಮತ್ತು ಪದಬಳಕೆ ನೋಡಿ, ಹೇಳಿದ ಊರಿಗೆ ಹೊಂದುತ್ತದೆಯೇ ಎಂದು ವರದಿ ಕೊಡುತ್ತಾರೆ. ದುರುಪಯೋಗ ಕಂಡು ಭಾಷಾವಿಜ್ಞಾನಿಗಳ ಗುಂಪೊಂದು 2004ರಲ್ಲಿ ಮಾರ್ಗಸೂಚಿ ಹೊರಡಿಸಿತು. ಭಾಷೆ ತೋರಿಸುವುದು ಮನುಷ್ಯ ಯಾರ ನಡುವೆ ಬೆಳೆದ ಎಂಬುದನ್ನು, ಪೌರತ್ವವನ್ನಲ್ಲ ಎಂಬುದು ಅದರ ತಿರುಳು.

ಸಣ್ಣ ಭಾಷೆಗಳವರಿಗೆ ಇಲ್ಲಿ ಎರಡು ಕಡೆಯಿಂದ ಹೊಡೆತ. ಹೋಲಿಸಿ ನೋಡಲು ಧ್ವನಿಮುದ್ರಣವಾಗಲಿ ಉಪಭಾಷೆಗಳ ವಿವರಣೆಯಾಗಲಿ ಇರುವುದಿಲ್ಲ. ಮೇಲಾಗಿ ಮೂರು ಶಿಬಿರ ಸುತ್ತಿದವನ ಮಾತಿನಲ್ಲಿ ಮೂರೂ ಕಡೆಯ ಪದಗಳು ಸೇರಿರುತ್ತವೆ. ಅದನ್ನೇ ‘ಈತ ಆ ಊರಿನವನಲ್ಲ’ ಎಂಬುದಕ್ಕೆ ಪುರಾವೆ ಮಾಡಿದರೆ, ಸ್ಥಳಾಂತರವಾಗಿದ್ದಕ್ಕೇ, ಸ್ಥಳಾಂತರವಾದವರಿಗೆ ಸಿಗಬೇಕಾದ ರಕ್ಷಣೆ ನಿರಾಕರಿಸಿದಂತೆ.

ಸಮುದ್ರ ಏರಿ ದ್ವೀಪವೇ ಮುಳುಗುತ್ತದೆ ಎಂದಾಗ ಸ್ಥಳಾಂತರ ಅನಿವಾರ್ಯ. ಆಗ ಭಾಷೆಯನ್ನು ಹೇಗೆ ಕಾಪಾಡುವುದು?

ಸರಿಯಾಗಿ ಯೋಚಿಸಲು ಸಮಯ ಸಿಗುವ ಸ್ಥಳಾಂತರ ಇದೊಂದೇ, ಹಾಗಾಗಿ ಇದರ ಮೇಲೆ ನನಗೆ ಸ್ವಲ್ಪ ಭರವಸೆ. ಪನಾಮಾದ ಗಾರ್ದಿ ಸುಗ್ದುಬ್ ಎಂಬ ಪುಟ್ಟ ದ್ವೀಪದ ಸುಮಾರು 300 ಗುನಾ ಕುಟುಂಬಗಳಿಗೆ 2024ರ ಜೂನಿನಲ್ಲಿ ಮುಖ್ಯಭೂಮಿಯಲ್ಲಿ ಹೊಸ ಬಡಾವಣೆ ಸಿಕ್ಕಿತು. ಮುಖ್ಯಭೂಮಿಗೆ ಹೋಗೋಣ ಎಂಬ ಮಾತು ಅವರಲ್ಲೇ ಎಷ್ಟೋ ವರ್ಷಗಳಿಂದ ನಡೆದಿತ್ತು. ಹೊಸ ಜಾಗವೂ ಗುನಾ ಸ್ವಾಯತ್ತ ಪ್ರದೇಶದೊಳಗೇ ಇದೆ, ನೆರೆಯವರು ನೆರೆಯವರಾಗಿಯೇ ಉಳಿದರು. ತೊಂದರೆಗಳಿಲ್ಲವೆಂದಲ್ಲ: ಸಾಲುಮನೆಗಳು ಅವರ ಬದುಕಿನ ರೀತಿಗೆ ಒಗ್ಗಿದವಲ್ಲ, ಕೆಲವರು ದ್ವೀಪ ಬಿಡಲೇ ಇಲ್ಲ.

ಇಂಥ ಯೋಜನೆ ನಿಮ್ಮ ಕಣ್ಣಿಗೆ ಬಿದ್ದರೆ ಕೇಳಬೇಕಾದ್ದು: ಮನೆ ಹಂಚಿಕೆ ಲಾಟರಿಯಿಂದಲೋ, ಹಳೆಯ ನೆರೆಹೊರೆಯ ಪ್ರಕಾರವೋ? ಅಜ್ಜ ಅಜ್ಜಿಯರ ಮನೆ ಮೊಮ್ಮಕ್ಕಳಿಗೆ ನಡೆದು ಹೋಗುವಷ್ಟು ಹತ್ತಿರವಿದೆಯೇ? ಅಂಗನವಾಡಿ ವಯಸ್ಸಿನ ಮಕ್ಕಳನ್ನು ನೋಡಿಕೊಳ್ಳುವವರು ಯಾವ ಭಾಷೆಯವರು? ಲಾಟರಿ ಎತ್ತುವುದು ನ್ಯಾಯವಾಗಿ ಕಾಣುತ್ತದೆ, ಭಾಷೆಯ ಮಟ್ಟಿಗೆ ಅದಕ್ಕಿಂತ ಕೆಟ್ಟ ಉಪಾಯ ಇಲ್ಲ. ಮೂರು ಲಕ್ಷ ಚಿಲ್ಲರೆ ಜನರಲ್ಲಿ ನೂರಕ್ಕೂ ಹೆಚ್ಚು ಭಾಷೆಗಳಿರುವ ವನವಾಟುವಿನಂಥ ದೇಶದಲ್ಲಿ ಒಂದು ಹಳ್ಳಿ ಚದುರಿದರೆ ಒಂದು ಭಾಷೆಯ ದೊಡ್ಡ ಪಾಲೇ ಚದುರೀತು.

ಮಾತನಾಡುವವರೇ ಇಲ್ಲದ ಭಾಷೆಯನ್ನು ಮತ್ತೆ ಎಬ್ಬಿಸಿದವರಿದ್ದಾರೆಯೇ?

ಇದ್ದಾರೆ. ಅಮೆರಿಕದ ಮಿಯಾಮಿ ಜನರನ್ನು 1846ರಲ್ಲಿ ಇಂಡಿಯಾನಾದಿಂದ ಕಾಲುವೆ ದೋಣಿಗಳಲ್ಲಿ ತುಂಬಿ ಕಾನ್ಸಾಸ್ ಕಡೆಗೆ ಸಾಗಿಸಿದರು, ಆಮೇಲೆ ಅಲ್ಲಿಂದಲೂ ಎಬ್ಬಿಸಿ ಓಕ್ಲಹೋಮಾಕ್ಕೆ. ಕೆಲವು ಕುಟುಂಬಗಳು ಇಂಡಿಯಾನಾದಲ್ಲೇ ಉಳಿದುದರಿಂದ ಬುಡಕಟ್ಟು ಒಡೆದು ಚೂರಾಯಿತು. 20ನೇ ಶತಮಾನದ ನಡುವಿನ ಹೊತ್ತಿಗೆ ಭಾಷೆ ಬಲ್ಲವರು ಇಲ್ಲವಾದರು. ಉಳಿದದ್ದು ಜೆಸ್ಯುಟ್ ಪಾದ್ರಿಗಳ ಕಾಲದಿಂದ ಬರೆದಿಟ್ಟ ಹಸ್ತಪ್ರತಿಗಳು. ಅವುಗಳಿಂದ ಡೇವಿಡ್ ಕೋಸ್ಟಾ ಎಂಬ ಭಾಷಾವಿಜ್ಞಾನಿ ವ್ಯಾಕರಣ ಕಟ್ಟಿದರು. ಬುಡಕಟ್ಟಿನವರೇ ಆದ ಡ್ಯಾರಿಲ್ ಬಾಲ್ಡ್‌ವಿನ್ ಅದನ್ನು ಕಲಿತು ತಮ್ಮ ಮಕ್ಕಳೊಡನೆ ಮನೆಯಲ್ಲಿ ಆಡತೊಡಗಿದರು. 2001ರಲ್ಲಿ ಓಹಾಯೋದ ಮಿಯಾಮಿ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟಿನ ಜೊತೆಗೂಡಿ ಒಂದು ಕೇಂದ್ರ ಶುರುವಾಯಿತು. ಇದು ಮೂರು ಶತಮಾನದ ಹಿಂದಿನ ಮಾತೇ ಯಥಾವತ್ತಾಗಿ ಬಂದಂತೆ ಅಲ್ಲ. ಮಕ್ಕಳು ಅದರಲ್ಲಿ ನಗುತ್ತಾರೆ ಎಂದರೆ ನನಗೆ ಸಾಕು.

ಹಸ್ತಪ್ರತಿಯ ದಾರಿ ಕೊನೆಯ ದಾರಿ. ಒಬ್ಬ ಹಿರಿಯರಾದರೂ ಇದ್ದರೆ ಅವರೊಡನೆ ಒಬ್ಬ ಕಲಿಯುವವರನ್ನು ಕೂರಿಸಿ, ಅಡುಗೆ ಮಾಡುತ್ತ ಬಟ್ಟೆ ಒಗೆಯುತ್ತ ಅದೇ ಭಾಷೆಯಲ್ಲೇ ಇರಿಸುವ ಗುರು-ಶಿಷ್ಯ ಪದ್ಧತಿ 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ ಹಲವು ದೇಶಗಳಿಗೆ ಹಬ್ಬಿದೆ. ಕಲಹರಿಯ ಕತ್ರಿನಾ ಎಸಾವು, 1933ರಲ್ಲಿ ಹುಟ್ಟಿದವರು, ಅಪಿಂಗ್ಟನ್ ಪಟ್ಟಣದ ತಮ್ಮ ಮನೆಯಲ್ಲೇ ಮಕ್ಕಳಿಗೆ ನೂ ಪಾಠ ಹೇಳಿಕೊಟ್ಟರು.

ಎಲ್ಲವನ್ನೂ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಹಾಕಿಬಿಟ್ಟರೆ ಆಯಿತಲ್ಲ?

ರೆಕಾರ್ಡ್ ಮಾಡಲೇಬೇಕು, ಇಲ್ಲದಿದ್ದರೆ ಉಬಿಖ್ ಬಗ್ಗೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಶಿಬಿರದಲ್ಲಿ ಮೈಕ್ ಹಿಡಿಯುವ ಮುನ್ನ ಒಂದು ವಿಷಯ ತಲೆಯಲ್ಲಿರಲಿ. ಪಡಿತರ ಕೊಡುವವರ ಜೊತೆಗೇ ಬಂದ ಅಪರಿಚಿತನಿಗೆ ಯಾರು ತಾನೆ ಬೇಡ ಎನ್ನುತ್ತಾರೆ? ಆ ಹೆಬ್ಬೆಟ್ಟಿಗೆ ಒಪ್ಪಿಗೆಯ ಬೆಲೆ ಇಲ್ಲ. ಓಡಿಬಂದ ಊರಿನ ಹೆಸರು, ಸಂಬಂಧಿಕರ ಹೆಸರು ಇರುವ ಧ್ವನಿಮುದ್ರಣ ತಪ್ಪು ಕೈಗೆ ಸಿಕ್ಕರೆ ಹಿಂದೆ ಉಳಿದವರಿಗೆ ಕುತ್ತು.

ಒಡೆತನದ ಜಗಳವೂ ಸಣ್ಣದಲ್ಲ. 2022ರಲ್ಲಿ ಅಮೆರಿಕದ ಸ್ಟ್ಯಾಂಡಿಂಗ್ ರಾಕ್ ಬುಡಕಟ್ಟು ಮಂಡಳಿ ಲಕೋಟಾ ಭಾಷೆಯ ಪಠ್ಯ ತಯಾರಿಸುತ್ತಿದ್ದ ಸಂಸ್ಥೆಯೊಂದನ್ನು ತಮ್ಮ ನೆಲದಿಂದ ಬಹಿಷ್ಕರಿಸಿತು. ತಮ್ಮ ಹಿರಿಯರ ಧ್ವನಿ ಬಳಸಿದ ಪುಸ್ತಕಗಳ ಹಕ್ಕುಸ್ವಾಮ್ಯ ಆ ಸಂಸ್ಥೆಯದಾಗಿತ್ತು, ತಮಗೇ ಮಾರುತ್ತಿದ್ದರು ಎಂಬುದು ಅವರ ಸಿಟ್ಟು. ನ್ಯೂಜಿಲೆಂಡಿನ ತೆ ಹಿಕು ಎಂಬ ಮಾವೊರಿ ರೇಡಿಯೊ ಸಂಸ್ಥೆ ಇದಕ್ಕೆ ಬೇರೆ ದಾರಿ ಹಿಡಿಯಿತು. ಹತ್ತು ದಿನಗಳಲ್ಲಿ ಜನರಿಂದ 300 ಗಂಟೆಗೂ ಹೆಚ್ಚು ಓದಿಸಿ ಧ್ವನಿ ಸಂಗ್ರಹಿಸಿ, ಮಾವೊರಿ ಮಾತನ್ನು ಬರಹಕ್ಕೆ ಇಳಿಸುವ ತಂತ್ರಾಂಶವನ್ನು ತಾನೇ ಕಟ್ಟಿತು. ಆ ಧ್ವನಿಗಳನ್ನು ದೊಡ್ಡ ಕಂಪನಿಗಳಿಗೆ ಮಾರಲು ಒಪ್ಪಲಿಲ್ಲ. ಯಾರು, ಯಾವುದಕ್ಕೆ ಬಳಸಬಹುದು ಎಂಬ ಪರವಾನಗಿಯ ನಿಯಮಗಳನ್ನು ಮಾವೊರಿ ಪದ್ಧತಿಯ ಪ್ರಕಾರ ತಾನೇ ಬರೆಯಿತು.